ಕಾರ್ತಿಕ ಹುಣ್ಣಿಮೆಗೆ ಬ್ಯಾಂಕಾಕ್: ಮಳೆ ನೋಡ್ಕೊಂಡು, ಪಂಚಾಂಗ ನೋಡ್ಕೊಂಡು ಹೋಗ್ಬಂದಿದ್ದು

ಅಮ್ಮನ್ನ ಒಂದ್ಸಲನಾದ್ರೂ ಹೊರದೇಶಕ್ಕೆ ಕರ್ಕೊಂಡು ಹೋಗ್ಬೇಕು ಅಂತ ಅಪ್ಪ ತೀರಿಕೊಂಡಾಗಿಂದ ನನ್ನ ತಲೇಲಿತ್ತು. ಅಮ್ಮಂಗೆ 68, ಊರು ತೀರ್ಥಹಳ್ಳಿ, ಬಲಗಡೆ ಮಂಡಿ ನೋವು, ಮೊಟ್ಟೆ ಸಹ ಮುಟ್ಟಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷ, ಧೂಳು ಹೊಗೆ ಅಂದ್ರೆ ವೀಸಿಂಗ್ ಶುರು ಆಗುತ್ತೆ. ನಮ್ಮೆಜಮಾನ್ರಿಗೆ ರಜ ಸಿಗೋದೇ ಕಷ್ಟ. ಈ ಮೂರೂ ಜನಕ್ಕೆ ಹೊಂದೋ ಊರು, ಹೊಂದೋ ತಿಂಗಳು ಹುಡುಕೋದ್ರಲ್ಲೇ 2024ರ ಮೇ ತಿಂಗಳಿಂದ ಆಗಸ್ಟ್ ತನಕ ಹೋಯ್ತು. ಊರು ಬೇಗ ಗೊತ್ತಾಯ್ತು, ಬ್ಯಾಂಕಾಕ್. ಬೆಂಗಳೂರಿಂದ ನಾಲ್ಕು ಗಂಟೆ ಒಳಗೆ ಇಳೀಬಹುದು, ನಮ್ಮ ಪಾಸ್‌ಪೋರ್ಟ್‌ಗೆ ಆಗ ವೀಸಾ ಬೇಕಿರ್ಲಿಲ್ಲ, ಮೊದಲು 30 ದಿನ ಇದ್ದಿದ್ದನ್ನ ಜುಲೈನಲ್ಲಿ 60 ದಿನಕ್ಕೆ ಏರಿಸಿದ್ರು. ತಿಂಗಳು ಯಾವ್ದು ಅನ್ನೋದೇ ದೊಡ್ಡ ಪ್ರಶ್ನೆ ಆಗಿದ್ದು, ಅದನ್ನೇ ಬರೀತೀನಿ, ಯಾಕಂದ್ರೆ ವಯಸ್ಸಾದವರನ್ನ ಕರ್ಕೊಂಡು ಹೋಗೋರಿಗೆ ತಿಂಗಳು ತಪ್ಪಿದ್ರೆ ಇಡೀ ಪ್ರವಾಸ ತಪ್ಪಿದ ಹಾಗೇನೇ.

ಮೊದಲು ದಸರಾ ರಜೆಗೆ ಅಂದ್ಕೊಂಡ್ವಿ. ಆ ವರ್ಷ ಸ್ಕೂಲಿಗೆ ಅಕ್ಟೋಬರ್ 3ರಿಂದ 20ರ ತನಕ ರಜ, ಕೇಳಕ್ಕೆ ಎಷ್ಟು ಚೆನ್ನಾಗಿದೆ. ಅದೂ ಅಲ್ದೆ ಅದೇ ಸಮಯದಲ್ಲಿ ಅಲ್ಲಿ ಎರಡು ಹಬ್ಬ. ಒಂದು ಸೀಲೋಮ್ ರಸ್ತೆಯಲ್ಲಿರೋ ಮಾರಿಯಮ್ಮನ್ ದೇವಸ್ಥಾನದ ನವರಾತ್ರಿ, ಥಾಯ್ ಜನ ನಮಗಿಂತ ಹೆಚ್ಚು ಭಕ್ತಿಯಿಂದ ಚೆಂಡು ಹೂವಿನ ಹಾರ ಹಿಡ್ಕೊಂಡು ಬರ್ತಾರೆ ಅಲ್ಲಿಗೆ, ಕೊನೆಗೆ ರಾತ್ರಿ ಅಮ್ಮನವರ ಮೆರವಣಿಗೆ ರಸ್ತೆ ತುಂಬಾ. ಇನ್ನೊಂದು ಚೀನೀಯರ ಒಂಬತ್ತು ದಿನದ ಸಸ್ಯಾಹಾರದ ಹಬ್ಬ, ಯಾವರಾತ್ ಅನ್ನೋ ಅವರ ಪೇಟೆ ಪೂರ್ತಿ ಹಳದಿ ಬಾವುಟ, ಅದರ ಮೇಲೆ ಕೆಂಪು ಬಣ್ಣದಲ್ಲಿ 'ಜೇ' ಅಂತ ಬರ್ದಿರುತ್ತೆ. ಜೇ ಅಂದ್ರೆ ಮಾಂಸ ಮೊಟ್ಟೆ ಹಾಲು ಬಿಡೋದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಇದನ್ನ ಅಮ್ಮಂಗೆ ಹೇಳಿದಾಗ ಫೋನಲ್ಲೇ ಖುಷಿ ಆಗಿದ್ದು ಗೊತ್ತಾಯ್ತು, "ಹಂಗಾದ್ರೆ ನಮ್ಮ ವ್ರತದ ಅಡುಗೆನೇ ಅಲ್ವೇನೇ ಅದು" ಅಂದ್ಲು.

ಆಮೇಲೆ ಮಳೆ ನೋಡಿದೆ. ಬ್ಯಾಂಕಾಕಲ್ಲಿ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಸರಾಸರಿ 300 ಮಿಲಿಮೀಟರ್‌ಗಿಂತ ಜಾಸ್ತಿ ಬೀಳುತ್ತೆ, ಅಕ್ಟೋಬರಲ್ಲೂ ಬಿಡಲ್ಲ, ಇನ್ನೂರು ದಾಟುತ್ತೆ. ತೀರ್ಥಹಳ್ಳಿಯವರಿಗೆ ಮಳೆ ಲೆಕ್ಕಾನಾ, ಆಗುಂಬೆ ಪಕ್ಕದೋರು ನಾವು ಅಂತ ನಾನು ಮೊದಲು ತಳ್ಳಿಹಾಕಿದ್ದೆ. ಆದ್ರೆ ನಮ್ಮಲ್ಲಿ ಬಿದ್ದ ನೀರು ಇಳ್ಕೊಂಡು ತುಂಗೆಗೆ ಹೋಗುತ್ತೆ, ಬ್ಯಾಂಕಾಕ್ ಸಮುದ್ರಮಟ್ಟದಿಂದ ಒಂದೂವರೆ ಮೀಟರ್ ಆಚೀಚೆ ಇರೋ ಸಪಾಟು ಊರು, ಮೇಲಿಂದ ಚಾವ್ ಫ್ರಾಯಾ ನದಿ ತುಂಬ್ಕೊಂಡು ಬರುತ್ತೆ, ಕೆಳಗಿಂದ ಸಮುದ್ರದ ಉಬ್ಬರ ಒತ್ತುತ್ತೆ, ನೀರು ಹೋಗೋದಾದ್ರೂ ಎಲ್ಲಿಗೆ. 2011ರಲ್ಲಿ ಅಕ್ಟೋಬರ್ ಕೊನೆಗೆ ಡಾನ್ ಮುಯಾಂಗ್ ವಿಮಾನ ನಿಲ್ದಾಣವೇ ಮುಳುಗಿತ್ತು. ಅಮ್ಮಂಗೆ ಇದೆಲ್ಲ ಹೇಳ್ಲೇ ಇಲ್ಲ ನಾನು, ತಾರೀಕು ಮಾತ್ರ ಹೇಳಿದೆ. ಅವಳು ತಟ್ಟನೆ "ಅಕ್ಟೋಬರ್ ಹತ್ತರ ಮೇಲೆ ಚಿತ್ತಾ ಮಳೆ, ಅದು ಸುಮ್ನೆ ಬಿಡಲ್ಲ, ಸ್ವಾತಿ ಮುಗೀಲಿ" ಅಂದ್ಲು. ಅವಳು ಹೇಳಿದ್ದು ನಮ್ಮೂರಿನ ಮಳೆ ನಕ್ಷತ್ರದ ಲೆಕ್ಕ, ಬ್ಯಾಂಕಾಕಿಂದಲ್ಲ, ಆದ್ರೂ ಅಲ್ಲಿನ ಹವಾಮಾನದ ಪಟ್ಟಿ ಇಟ್ಕೊಂಡು ನೋಡಿದ್ರೆ ಹೆಚ್ಚುಕಡಿಮೆ ಅದೇ ಬರುತ್ತೆ, ನವೆಂಬರಲ್ಲಿ ಒಟ್ಟು ಮಳೆ ಐವತ್ತು ಮಿಲಿಮೀಟರ್ ಹತ್ರಕ್ಕೆ ಇಳಿಯುತ್ತೆ, ಡಿಸೆಂಬರಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು. ಮಂಡಿ ನೋವಿರೋರನ್ನ ಮೊಣಕಾಲುದ್ದ ನೀರಲ್ಲಿ ನಡೆಸಕ್ಕಾಗಲ್ಲ. ದಸರಾ ಬಿಟ್ವಿ.

ಇವ್ರು ಆಗ ಏಪ್ರಿಲ್ ಅಂದ್ರು, 2025ರ ಬೇಸಿಗೆ ರಜೆಗೆ ಸೋಂಗ್‌ಕ್ರಾನ್ ನೋಡ್ಬಹುದಲ್ಲ ಅಂತ. ಏಪ್ರಿಲ್ 13ರಿಂದ 15, ಥಾಯ್ ಹೊಸವರ್ಷ, ಊರಿಗೆ ಊರೇ ನೀರೆರಚಾಡುತ್ತೆ. ಹೆಸರು ಬಂದಿರೋದೇ ನಮ್ಮ ಸಂಕ್ರಾಂತಿಯಿಂದ, ಸೂರ್ಯ ಮೇಷಕ್ಕೆ ಬರೋ ದಿನ, ನಮ್ಮ ಕರಾವಳಿಯಲ್ಲಿ ಬಿಸು ಮಾಡ್ತಾರಲ್ಲ ಅದೇ ಹೊತ್ತು. ಹಿರಿಯರ ಕೈಗೆ ಘಮಘಮ ನೀರು ಹಾಕಿ ಆಶೀರ್ವಾದ ತಗೊಳ್ಳೋದು ಅದರ ಮೂಲ ಅಂತ ಓದಿದಾಗ ನಂಗೂ ಆಸೆ ಆಯ್ತು. ಆದ್ರೆ ಬ್ಯಾಂಕಾಕಿಗೆ ವರ್ಷದಲ್ಲೇ ಅತಿ ಬಿಸಿ ತಿಂಗಳು ಅದು, 36 ಡಿಗ್ರಿ ಜೊತೆಗೆ ಸಮುದ್ರದ ಕಡೆ ಸೆಕೆ ಸೇರಿದ್ರೆ ನೆರಳಲ್ಲಿ ನಿಂತ್ರೂ ಉಸಿರುಗಟ್ಟುತ್ತೆ, ಮೇಲಾಗಿ ಒದ್ದೆ ರಸ್ತೆ, ಜಾರಿಬಿದ್ರೆ? ವಯಸ್ಸಿನೋರಿಗೆ ಇದು ಬೇಡ. ಜನವರಿ ಫೆಬ್ರವರಿ ತಂಪಾಗಿರುತ್ತೆ ನಿಜ, ಆದ್ರೆ ಆಗ ಗಾಳಿ ನಿಂತು, ಹೊಲದಲ್ಲಿ ಕೊಯ್ಲಾದ ಮೇಲೆ ಸುಡೋ ಹೊಗೆ, ವಾಹನದ ಹೊಗೆ ಎಲ್ಲ ಊರ ಮೇಲೆ ಕೂರುತ್ತೆ, ಮಕ್ಕಳಿಗೆ ಮಾಸ್ಕ್ ಹಾಕಿಸೋ ಹಂತಕ್ಕೆ ಹೋಗುತ್ತೆ. ಮಗಳ ವೀಸಿಂಗ್ ನೆನೆಸ್ಕೊಂಡು ಅದೂ ಬೇಡ ಅಂದೆ. ಉಳಿದಿದ್ದು ನವೆಂಬರ್, ಡಿಸೆಂಬರ್.

ನವೆಂಬರಲ್ಲಿ ಲೋಯ್ ಕ್ರಥೋಂಗ್ ಅಂತ ದೀಪ ತೇಲಿಬಿಡೋ ಹಬ್ಬ ಇದೆ ಅಂತ ಗೊತ್ತಿತ್ತು, ತಾರೀಕು ನೋಡಿದ್ರೆ 15, ಶುಕ್ರವಾರ. ಅಮ್ಮಂಗೆ ಫೋನ್ ಮಾಡಿ ಹದಿನೈದನೇ ತಾರೀಕು ಹೇಗೆ ಅಂದೆ, ಪಂಚಾಂಗದ ಹಾಳೆ ತಿರುವೋ ಸದ್ದು ಕೇಳಿಸ್ತು, ಆಮೇಲೆ "ಅವತ್ತು ಕಾರ್ತಿಕ ಹುಣ್ಣಿಮೆ ಕಣೇ, ಮನೆ ಬಿಟ್ಟು ಎಲ್ಲಿಗೇ ಬರ್ಲಿ" ಅಂದ್ಲು. ನಾನು ಒಂದು ನಿಮಿಷ ಸುಮ್ನಾದೆ. ಹಿಂದಿನ ವರ್ಷಗಳ್ದು ತೆಗೆದು ನೋಡಿದೆ, 2023ರಲ್ಲಿ ಎರಡೂ ನವೆಂಬರ್ 27, 2022ರಲ್ಲಿ ಎರಡೂ ನವೆಂಬರ್ 8. ಅವರ ಲೆಕ್ಕದಲ್ಲಿ ಹನ್ನೆರಡನೇ ಚಾಂದ್ರಮಾಸದ ಹುಣ್ಣಿಮೆ, ನಮ್ಮ ಲೆಕ್ಕದಲ್ಲಿ ಎಂಟನೇ ಮಾಸದ್ದು, ಚಂದ್ರ ಒಂದೇ.

ಇದಾದ ಮೇಲೆ ಓದೋದು ಶುರು ಮಾಡ್ದೆ, ಟಿಕೆಟ್ ಬೆಲೆ ನೋಡೋದು ಬಿಟ್ಟು ರಾತ್ರಿ ಇದನ್ನೇ ಓದ್ತಾ ಕೂತಿರ್ತಿದ್ದೆ. ಥಾಯ್ ಬೌದ್ಧ ಭಿಕ್ಷುಗಳು ಆಷಾಢ ಹುಣ್ಣಿಮೆ ಮಾರನೇ ದಿನದಿಂದ ಮೂರು ತಿಂಗಳು ಒಂದೇ ವಿಹಾರದಲ್ಲಿ ನಿಲ್ತಾರೆ, ಮಳೆಗಾಲದಲ್ಲಿ ಓಡಾಡಬಾರದು ಅಂತ. ನಮ್ಮ ಸ್ವಾಮಿಗಳ ಚಾತುರ್ಮಾಸ್ಯನೇ ಅಲ್ವಾ! ಅದು ಮುಗಿದ ಮೇಲೆ ಒಂದು ತಿಂಗಳು ಜನ ಹೋಗಿ ಭಿಕ್ಷುಗಳಿಗೆ ಹೊಸ ಬಟ್ಟೆ ಕೊಡ್ತಾರೆ, ಕಠಿನ ಅಂತ ಅದಕ್ಕೆ ಹೆಸರು, ಆ ಒಂದು ತಿಂಗಳು ಮುಗಿಯೋದು ಲೋಯ್ ಕ್ರಥೋಂಗ್ ಹುಣ್ಣಿಮೆಗೆ. ಆ ವರ್ಷ ಅಕ್ಟೋಬರ್ 27ಕ್ಕೆ ಅಲ್ಲಿನ ರಾಜರ ದೋಣಿ ಮೆರವಣಿಗೆ ಇತ್ತು, 52 ದೋಣಿಗಳು, ನದಿ ದಡದ ವಿಹಾರ ವಾತ್ ಅರುಣ್‌ಗೆ ಕಠಿನದ ಬಟ್ಟೆ ಕೊಡಕ್ಕೆ ಹೋಗಿದ್ದು, ಅದು ದೀಪಾವಳಿ ವಾರ ಆಗಿದ್ರಿಂದ ನಮಗೆ ಹೋಗಕ್ಕಾಗ್ಲಿಲ್ಲ, ಆ ಬೇಜಾರು ಈಗ್ಲೂ ಇದೆ. ಹುಣ್ಣಿಮೆ ಹೊತ್ತಿಗೆ ಮಳೆ ನಿಂತಿರುತ್ತೆ, ನದಿ ಮಾತ್ರ ತುಂಬಿರುತ್ತೆ, ಗದ್ದೇಲಿ ಭತ್ತ ತೆನೆ ಆಗಿರುತ್ತೆ. ಅಂಥ ಹೊತ್ತಲ್ಲಿ ನದಿಗೆ ಕೈಮುಗಿದು, ನಿನ್ನ ನೀರು ಬಳಸಿದ್ವಿ, ಕೊಳಕು ಮಾಡಿದ್ವಿ, ಕ್ಷಮಿಸು ತಾಯಿ ಅಂತ ದೀಪ ಬಿಡ್ತಾರೆ. ಆ ತಾಯಿಗೆ ಅವರು ಕರೆಯೋ ಹೆಸರು ಫ್ರಾ ಮೇ ಖೋಂಗ್‌ಖಾ. ಖೋಂಗ್‌ಖಾ ಅಂದ್ರೆ ಗಂಗೆ. ಅಲ್ಲೀ ತನಕ ನಾನು ಒಂದು ಕಡೆ ಹವಾಮಾನ, ಒಂದು ಕಡೆ ಹಬ್ಬ ಅಂತ ಎರಡು ಕಾಲಂ ಮಾಡ್ಕೊಂಡು ಹೊಂದಿಸ್ತಾ ಇದ್ದೆ, ಹಬ್ಬದ ದಿನನ ಇಟ್ಟಿರೋದೇ ಮಳೆ ನೋಡ್ಕೊಂಡು ಅನ್ನೋದು ಹೊಳೆದ ಮೇಲೆ ಆ ಹಾಳೆ ಪಕ್ಕಕ್ಕಿಟ್ಟೆ. ಅಮ್ಮಂಗೆ ಹೇಳ್ದೆ, ಗಂಗೆ ಪೂಜೆಗೇ ಕರ್ಕೊಂಡು ಹೋಗ್ತಿರೋದು ನಿನ್ನ ಅಂತ. ಒಪ್ಪಿದ್ಲು, ಒಂದೇ ಷರತ್ತು, ತುಳಸಿ ಪೂಜೆ ಮುಗಿಸಿಯೇ ಹೊರಡೋದು.

ಅದೂ ಸರಿಹೋಯ್ತು. ಉತ್ಥಾನ ದ್ವಾದಶಿ 13, ಬುಧವಾರ. 14 ಮಕ್ಕಳ ದಿನಾಚರಣೆ, ಮಗಳದ್ದು ಡ್ಯಾನ್ಸ್ ಇತ್ತು, ಅದನ್ನ ತಪ್ಪಿಸೋ ಹಾಗಿಲ್ಲ. ಅವತ್ತೇ ರಾತ್ರಿ ಫ್ಲೈಟ್. 18 ಸೋಮವಾರ ಕನಕ ಜಯಂತಿ ರಜ. ಇವ್ರಿಗೆ ಶುಕ್ರವಾರ ಒಂದೇ ದಿನ ರಜ ಹಾಕಿದ್ರೆ ಸಾಕಾಯ್ತು. ಆಗಸ್ಟ್ ಕೊನೇಲಿ ಟಿಕೆಟ್ ತೆಗೆದಾಗ ಹೋಗಿ ಬರಕ್ಕೆ ಒಬ್ಬರಿಗೆ ಹತ್ತೊಂಬತ್ತು ಸಾವಿರದ ಹತ್ರ ಬಿತ್ತು, ಅಕ್ಟೋಬರಲ್ಲಿ ಸುಮ್ನೆ ನೋಡಿದಾಗ ಅದೇ ಫ್ಲೈಟ್ ಇಪ್ಪತ್ತೇಳು ದಾಟಿತ್ತು. ಹಬ್ಬ ನೋಡ್ಕೊಂಡು ಹೋಗೋರು ಎರಡೂವರೆ ಮೂರು ತಿಂಗಳು ಮುಂಚೆ ಕೂತ್ಕೊಳ್ಳಿ, ದಯವಿಟ್ಟು.

ಇದರ ಮಧ್ಯೆ ಒಂದು ತಪ್ಪು ಮಾಡಿದ್ವಿ. ಒಬ್ಬ ಟ್ರಾವೆಲ್ ಏಜೆಂಟ್ ಹತ್ರ ಪ್ಯಾಕೇಜ್ ಕೇಳಿದ್ವಿ, ಅವರು ಬ್ಯಾಂಕಾಕಲ್ಲಿ ಆಕಾಶಕ್ಕೆ ಸಾವಿರಾರು ಗೂಡುದೀಪ ಬಿಡೋ ಫೋಟೋ ಕಳ್ಸಿ ಐದು ಸಾವಿರ ಮುಂಗಡ ತಗೊಂಡ್ರು. ಆಕಾಶದೀಪ ಬಿಡೋದು ಉತ್ತರದ ಚಿಯಾಂಗ್ ಮಾಯ್ ಕಡೆ, ಯೀ ಪೆಂಗ್ ಅಂತ ಅದು ಬೇರೆ ಹಬ್ಬ, ಅದೇ ಹುಣ್ಣಿಮೆಗೆ ಬರುತ್ತೆ ಅಷ್ಟೆ. ಬ್ಯಾಂಕಾಕಲ್ಲಿ ಅದಕ್ಕೆ ಅವಕಾಶ ಇಲ್ಲ, ಊರು ಹತ್ತಿ ಉರಿದ್ರೆ ಏನು ಗತಿ, ವಿಮಾನಗಳಿಗೂ ಅಪಾಯ. ಕೇಳಿದ್ರೆ ಹಾಗಾದ್ರೆ ಚಿಯಾಂಗ್ ಮಾಯ್‌ಗೇ ಹೋಗಿ ಅಂದ್ರು. ಅಷ್ಟೊತ್ತಿಗೆ ಅಕ್ಟೋಬರ್ ಮೊದಲ ವಾರ, ಪಿಂಗ್ ನದಿ ಉಕ್ಕಿ ಚಿಯಾಂಗ್ ಮಾಯ್ ಪೇಟೆ ಒಳಗೆ ನೀರು ನುಗ್ಗಿದ ಸುದ್ದಿ ಟಿವಿಲಿ ಬರ್ತಿತ್ತು, ಅಮ್ಮನೂ ನೋಡಿಬಿಟ್ಲು. ಎರಡು ದಿನ ಬೇಡ ಅಂತ ಹಠ. ಬ್ಯಾಂಕಾಕ್ ಅಲ್ಲಿಂದ ಸುಮಾರು 700 ಕಿಲೋಮೀಟರ್ ದೂರ, ಹುಣ್ಣಿಮೆಗೆ ಇನ್ನೂ ಐದಾರು ವಾರ ಇದೆ ಅಂತ ಇವ್ರು ಮ್ಯಾಪ್ ತೋರಿಸಿ ಸಮಾಧಾನ ಮಾಡಿದ್ರು. ಮುಂಗಡದ ದುಡ್ಡು ವಾಪಸ್ ಬರ್ಲಿಲ್ಲ. ಹೋಟೆಲ್ ಮಾತ್ರ ನಾವೇ ನೋಡಿದ್ವಿ, ಸುರಸಕ್ ರೈಲ್ವೆ ಸ್ಟೇಷನ್ ಹತ್ರ, ನಡೆಯೋ ದೂರದಲ್ಲಿ ಮಾರಿಯಮ್ಮನ್ ಗುಡಿ, ಒಂದೇ ಸ್ಟೇಷನ್ ಆಚೆ ನದಿ. ಇದು ಬೇಕಂತಲೇ ಮಾಡಿದ್ದು, ಯಾಕಂದ್ರೆ ಲೋಯ್ ಕ್ರಥೋಂಗ್‌ಗೆ ಅಲ್ಲಿ ಸರ್ಕಾರಿ ರಜ ಇಲ್ಲ, ಶುಕ್ರವಾರ ಸಂಜೆ ಆಫೀಸ್ ಬಿಡೋ ಟ್ರಾಫಿಕ್ಕೂ ನದಿಗೆ ಹೋಗೋ ಜನವೂ ಒಟ್ಟಿಗೆ ರಸ್ತೆಗೆ ಇಳೀತಾರೆ, ಟ್ಯಾಕ್ಸಿ ನಂಬಿದ್ರೆ ದಾರೀಲೇ ಹುಣ್ಣಿಮೆ ಮುಗಿಯುತ್ತೆ.

ಬೆಳಗಿನ ಜಾವ ಇಳಿದ್ವಿ. ಅಲ್ಲಿನ ವಿಮಾನ ನಿಲ್ದಾಣದ ಸುವರ್ಣಭೂಮಿ ಅನ್ನೋ ಹೆಸರನ್ನ ಮಗಳು ಇಂಗ್ಲಿಷಲ್ಲಿ ಇರೋ ಹಾಗೆ ಕೊನೆ ಅಕ್ಷರ ಎಳೆದು ಓದಿದ್ಲು, ಅಮ್ಮ ತಿದ್ದಿದ್ಲು. ಚಳಿಗಾಲ ಶುರು ಅಂತ ಅಲ್ಲಿನವರು ಹೇಳ್ತಾರೆ, ನಮಗೆ ಮಂಗಳೂರಿನ ಸೆಕೆ ಥರಾನೇ ಅನ್ನಿಸ್ತು, ಮಧ್ಯಾಹ್ನ 33 ಡಿಗ್ರಿ. ಹಾಗಾಗಿ ಹನ್ನೊಂದರಿಂದ ನಾಲ್ಕರ ತನಕ ರೂಮಲ್ಲೇ ಮಲಗಿದ್ವಿ, ಎಲ್ಲಾ ದಿನವೂ ಹಾಗೇ ಮಾಡಿದ್ವಿ, ಈ ಒಂದು ನಿಯಮದಿಂದಲೇ ಅಮ್ಮ ಮೂರು ದಿನ ಸುಸ್ತಾಗದೇ ಓಡಾಡಿದ್ಲು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಊಟಕ್ಕೆ 'ಜೇ' ಅಂತ ಬರೆದಿರೋ ಅಂಗಡಿ ಹಬ್ಬ ಇಲ್ಲದ ಕಾಲದಲ್ಲೂ ಅಲ್ಲಲ್ಲಿ ಸಿಗುತ್ತೆ, ಆ ಅಕ್ಷರದ ಚಿತ್ರ ಫೋನಲ್ಲಿ ಇಟ್ಕೊಂಡಿದ್ದೆ. ಬರೀ ವೆಜ್ ಅಂದ್ರೆ ಸಾಲದು, ನಾಮ್ ಪ್ಲಾ ಅನ್ನೋ ಮೀನಿನ ಸಾರ ಎಲ್ಲದಕ್ಕೂ ಹಾಕ್ತಾರೆ.

ಸಂಜೆ ಐದೂವರೆಗೆ ಹೊರಟ್ವಿ. ದೊಡ್ಡ ದೊಡ್ಡ ಮಾಲ್‌ಗಳ ಮುಂದೆ ನದಿ ದಡದಲ್ಲಿ ಪಟಾಕಿ, ಹಾಡು, ವಿಪರೀತ ಜನ. ತೇಲೋ ಜೆಟ್ಟಿ ಮೇಲೆ ನಿಂತ್ಕೊಂಡು ಬಗ್ಗಿ ದೀಪ ಬಿಡೋದು ಅಮ್ಮನ ಮಂಡಿಗೆ ಆಗದ ಮಾತು. ಅದಕ್ಕೆ ಸಫಾನ್ ತಾಕ್ಸಿನ್ ಸ್ಟೇಷನ್ ಪಕ್ಕದ ವಾತ್ ಯಾನ್ನಾವಾ ಅನ್ನೋ ವಿಹಾರಕ್ಕೆ ಹೋದ್ವಿ. ಅಲ್ಲಿ ಹಡಗಿನ ಆಕಾರದಲ್ಲೇ ಒಂದು ಕಟ್ಟಡ ಇದೆ, ಮೂರನೇ ರಾಮ ಅನ್ನೋ ರಾಜ, ಚೀನಾದಿಂದ ಬರ್ತಿದ್ದ ಹಾಯಿ ಹಡಗುಗಳನ್ನ ಮುಂದಿನೋರು ಮರೀಬಾರದು ಅಂತ ಕಟ್ಟಿಸಿದ್ದು. ಹಿಂದುಗಡೆ ನದಿ.

ಅಂಗಳದಲ್ಲಿ ಸಾಲಾಗಿ ಟೇಬಲ್ ಹಾಕ್ಕೊಂಡು ಹೆಂಗಸರು ಕ್ರಥೋಂಗ್ ಮಾರ್ತಾ, ಅಲ್ಲೇ ಕೂತು ಮಾಡ್ತಾ ಇದ್ರು. ಬಾಳೆದಿಂಡನ್ನ ಮೂರು ಬೆರಳು ದಪ್ಪಕ್ಕೆ ದುಂಡಗೆ ಕೊಯ್ದು ಇಟ್ಟಿದ್ದಾರೆ. ಬಾಳೆಎಲೆ ಉದ್ದಕ್ಕೆ ಸೀಳಿ, ಒಂದು ಮೂಲೆ ಮಡಚಿ ತ್ರಿಕೋನ ಮಾಡಿ, ಒಂದರ ಹೊಟ್ಟೆಯೊಳಗೆ ಒಂದು ತೂರಿಸಿ ದಿಂಡಿನ ಸುತ್ತ ಚುಚ್ತಾ ಹೋಗ್ತಾರೆ, ತಾವರೆ ಅರಳಿದ ಹಾಗೆ ಆಗುತ್ತೆ. ನಡುವೆ ಚೆಂಡು ಹೂವು, ನೇರಳೆ ಆರ್ಕಿಡ್, ಮೂರು ಊದುಬತ್ತಿ, ಒಂದು ಮೇಣದಬತ್ತಿ. ಅಮ್ಮ ಎರಡು ನಿಮಿಷ ನೋಡಿದ್ಲು, "ಇದು ದೊನ್ನೆ ಕಣೇ" ಅಂದ್ಲು. ಆಮೇಲೆ ನಾನು ಹೋಟೆಲಲ್ಲಿ ಕೇಳ್ದೆ, ಕ್ರಥೋಂಗ್ ಅನ್ನೋ ಪದಕ್ಕೆ ಅರ್ಥವೇ ಎಲೆಯಲ್ಲಿ ಮಡಚಿದ ಪಾತ್ರೆ ಅಂತೆ!

ಅಮ್ಮ ಆ ಹೆಂಗಸಿನ ಪಕ್ಕ ಖಾಲಿ ಕುರ್ಚೀಲಿ ಕೂತೇಬಿಟ್ಲು, ಒಂದು ಎಲೆ ಸೀಳಿಗೆ ಕೈ ಚಾಚಿದ್ಲು. ಆಕೆ ಕೊಟ್ರು. ಅವರದು ಕಬ್ಬಿಣದ ಗುಂಡುಸೂಜಿ. ಅಮ್ಮ ತಲೆ ಆಡ್ಸಿ, ಆ ಕಡೆ ಬಿದ್ದಿದ್ದ ಬಿದಿರು ಕಡ್ಡಿ ತಗೊಂಡು, ಉಗುರಲ್ಲಿ ಸಣ್ಣಗೆ ಸೀಳಿ, ನಮ್ಮಲ್ಲಿ ಮುತ್ತುಗದ ಎಲೆ ಹಚ್ತಾರಲ್ಲ ಹಾಗೆ ಎಲೆಯ ಮಡಿಕೆಗೆ ಒಂದು ಹೊಲಿಗೆ ಹಾಕಿ ಕಡ್ಡಿ ಮುರಿದ್ಲು. ಆಕೆ ಬಗ್ಗಿ ನೋಡಿದ್ರು, ಎಲೆ ಎಳೆದು ನೋಡಿದ್ರು, ಬಿಚ್ಚಲಿಲ್ಲ. ಜೋರಾಗಿ ಏನೋ ಅಂದು ಪಕ್ಕದ ಟೇಬಲಿನೋರನ್ನ ಕರೆದ್ರು. ಮುಂದಿನ ಅರ್ಧ ಗಂಟೆ ನಮ್ಮಮ್ಮ ಕನ್ನಡದಲ್ಲಿ, ಆ ನಾಲ್ಕು ಜನ ಥಾಯ್‌ನಲ್ಲಿ ಮಾತಾಡ್ತಾ ಕಡ್ಡಿ ಸೀಳ್ತಾ ಇದ್ರು, ನಾನು ನೋಡ್ತಾ ನಿಂತಿದ್ದೆ, ಅಪ್ಪ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದು ನಾನು ನೋಡಿರ್ಲಿಲ್ಲ. ಅಮ್ಮ ಮಾಡಿದ್ದಕ್ಕೆ ಆಕೆ ದುಡ್ಡು ತಗೊಳ್ಳಲಿಲ್ಲ. ನಮ್ಮ ಉಳಿದ ಮೂರಕ್ಕೆ ತಲಾ 80 ಬಾತ್, ಇನ್ನೂರು ರೂಪಾಯಿಗೆ ಚೂರು ಕಡಿಮೆ.

ದಡದಲ್ಲಿ ಮೆಟ್ಟಿಲು ಇಳೀಬೇಕಾಗಿ ಬರ್ಲಿಲ್ಲ, ಅಲ್ಲಿದ್ದ ಹುಡುಗರು ಉದ್ದನೆ ಕೋಲಿನ ತುದಿಗೆ ಬುಟ್ಟಿ ಕಟ್ಟಿ ಅದರಲ್ಲಿ ಕ್ರಥೋಂಗ್ ಇಟ್ಟು ನೀರಿಗೆ ಬಿಡ್ತಿದ್ರು. ಅಮ್ಮ ಊರಿಂದ ತಂದಿದ್ದ ಹೂಬತ್ತಿ ಒಂದನ್ನ ಮೇಣದ ಪಕ್ಕ ಇಟ್ಟು ಹಚ್ಚಿದ್ಲು. ಅಲ್ಲಿನವರು ಒಂದು ನಾಣ್ಯ ಇಡ್ತಾರೆ, ಕೆಲವರು ಉಗುರು, ಕೂದಲಿನ ಎಳೆ ಇಡ್ತಾರೆ, ಹೋದ ವರ್ಷದ ಕೆಟ್ಟದ್ದೆಲ್ಲ ಹೋಗ್ಲಿ ಅಂತ. ಅಮ್ಮ ನಾಣ್ಯ ಇಟ್ಲು, ಎರಡು ರೂಪಾಯಿದು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ತೆಪ್ಪೋತ್ಸವದಲ್ಲಿ ಅಪ್ಪನ ಭುಜದ ಮೇಲೆ ಕೂತು ತುಂಗೆ ಮೇಲಿನ ದೀಪ ನೋಡಿದ್ದು ನಂಗೆ ನೆನಪಾಯ್ತು, ಅವಳಿಗೂ ಆಗಿರುತ್ತೆ, ಇಬ್ರೂ ಏನೂ ಹೇಳ್ಲಿಲ್ಲ. ಮಳೆ ಒಂದು ಹನಿ ಇಲ್ಲ. ನದಿ ದಡದ ಅಂಚಿನ ತನಕ ತುಂಬಿತ್ತು.

ಶನಿವಾರ ವಾತ್ ಫೋ, ಅಲ್ಲಿನ 46 ಮೀಟರ್ ಉದ್ದದ ಮಲಗಿರೋ ಬುದ್ಧ, ಬೆಳಿಗ್ಗೆ ಎಂಟಕ್ಕೇ ಹೋದ್ರೆ ನೆಮ್ಮದಿಯಾಗಿ ನೋಡ್ಬಹುದು. ಸಂಜೆ ವಾತ್ ಸಾಕೇತ್ ಜಾತ್ರೆ, ಅದೂ ಲೋಯ್ ಕ್ರಥೋಂಗ್ ಆಸುಪಾಸಲ್ಲಿ ಮಾತ್ರ ಇರೋದು, ಅಲ್ಲಿನ ಬಂಗಾರದ ಬೆಟ್ಟ ಅನ್ನೋ ದಿಬ್ಬದ ಮೇಲಿನ ಸ್ತೂಪಕ್ಕೆ ಕೆಂಪು ಬಟ್ಟೆ ಸುತ್ತಿರ್ತಾರೆ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಇವ್ರೂ ಮಗಳೂ ಹತ್ತಿದ್ರು, ನಾನೂ ಅಮ್ಮನೂ ಕೆಳಗೆ ಬೆಂಡು ಬತ್ತಾಸಿನ ಜಾತ್ರೆ ಥರದ ಅಂಗಡಿ ಸಾಲಲ್ಲಿ ಕೂತಿದ್ವಿ. ಭಾನುವಾರ ಮಾರಿಯಮ್ಮನ್ ಗುಡಿ, ಸ್ವಲ್ಪ ಶಾಪಿಂಗ್.

ಮುಂದೆ ಹೋಗೋರಿಗೆ ಒಂದು ಮಾತು ಹೇಳ್ಬೇಕು. ಹುಣ್ಣಿಮೆ ಪ್ರತಿ ವರ್ಷ ಜಾಗ ಬದಲಾಯಿಸುತ್ತೆ, 2025ರಲ್ಲಿ ಅದು ನವೆಂಬರ್ 5ಕ್ಕೇ ಬಂತು, ಆಗ ಸ್ವಾತಿ ಮಳೆ ಇನ್ನೂ ಮುಗಿದಿರ್ಲಿಲ್ಲ, ಅಷ್ಟು ಬೇಗ ಬಂದ್ರೆ ಅಲ್ಲೂ ಮಳೆಯ ಬಾಲ ಇರೋ ಸಾಧ್ಯತೆ ಜಾಸ್ತಿ. 2026ರದ್ದು ನವೆಂಬರ್ 24ಕ್ಕೆ. ನಾನಾಗಿದ್ರೆ ವಯಸ್ಸಾದವರ ಜೊತೆ ತಿಂಗಳ ಕೊನೇಲಿ ಬೀಳೋ ವರ್ಷನೇ ಆರಿಸ್ಕೊಳ್ತೀನಿ.

ಶನಿವಾರ ಬೆಳಿಗ್ಗೆ ವಾತ್ ಫೋಗೆ ದೋಣೀಲಿ ಹೋಗ್ತಿದ್ದಾಗಿನ ಒಂದು ವಿಷಯ ಬಿಟ್ಟೆ. ನದಿ ಮೇಲೆ ಹಿಂದಿನ ರಾತ್ರಿಯ ಒಂದು ದೀಪವೂ ಇರ್ಲಿಲ್ಲ, ಅಲ್ಲಲ್ಲಿ ಒಂದೊಂದು ಬಾಳೆಎಲೆ ಚೂರು ಅಷ್ಟೆ. ಊರಿನ ನಗರಪಾಲಿಕೆಯೋರು ರಾತ್ರೋರಾತ್ರಿ ದೋಣಿ ಇಳಿಸಿ ಎಲ್ಲ ಎತ್ತುತ್ತಾರೆ, ಆ ರಾತ್ರಿ ಎತ್ತಿದ್ದು ಐದು ಲಕ್ಷಕ್ಕೂ ಹೆಚ್ಚು, ಎಲೆ ಹೂವಿಂದು ಗೊಬ್ಬರಕ್ಕೆ, ಥರ್ಮೋಕೋಲಿಂದು ಬೇರೆ ಕಡೆಗೆ. ನಾನು ಇದನ್ನ ಅಮ್ಮಂಗೆ ಹೇಳೋದೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ, ಅಷ್ಟು ಆಸೆಯಿಂದ ಮಾಡಿದ್ದು, ಬೇಜಾರಾಗಬಹುದು ಅಂತ. ಹೇಳ್ದೆ. ಅಮ್ಮ ನೀರು ನೋಡ್ತಾನೇ "ನಿರ್ಮಾಲ್ಯ ತೆಗೀಲೇಬೇಕಲ್ಲೇ" ಅಂದ್ಲು, ಒಂದು ಗಳಿಗೆ ಬಿಟ್ಟು, "ಸೂಜಿ ಹಾಕಿದ್ರೆ ಅವರಿಗೆ ಕೈ ಚುಚ್ಚಿರೋದು, ಕಡ್ಡಿ ಹಾಕಿದ್ದು ಒಳ್ಳೇದಾಯ್ತು."